ಎಲೆಕ್ಟ್ರಾನ್ ಅಂದರೆ ಏನು ಅಂದುಕೊಳ್ಳಬೇಕು? ಐದು ದಾರಿ, ಐದು ಬೆಲೆ

ಮುಂಬೈಯ ಕಲಿನಾದಲ್ಲೋ ಪುಣೆಯ ಪಾಷಾಣ್‌ನಲ್ಲೋ ಭೌತಶಾಸ್ತ್ರದ ಎಂಎಸ್ಸಿ ಓದುವವರಿಗೆ ಮೊದಲ ವರ್ಷ ಮುಗಿಯುವಷ್ಟರಲ್ಲಿ ಹೈಡ್ರೋಜನ್ ಪರಮಾಣುವಿನ ಲೆಕ್ಕ ಬಾಯಿಪಾಠವಾಗಿರುತ್ತದೆ. ದೀಪಾವಳಿಗೆ ಊರಿಗೆ ಹೋದಾಗ ಸೋದರಮಾವ "ಎಲೆಕ್ಟ್ರಾನ್ ಅಂದ್ರೆ ಏನೋ, ಸಣ್ಣ ಗುಂಡಾ?" ಅಂದರೆ ಮಾತ್ರ ನಾಲಿಗೆ ತಡವರಿಸುತ್ತದೆ. ಅದು ಓದು ಸಾಲದೆ ಅಲ್ಲ. ಲೆಕ್ಕ ಹೇಗೆ ಹಾಕಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಆ ಲೆಕ್ಕ ಎಂಥ ವಸ್ತುವಿನದು ಎಂಬುದು ಮಾತ್ರ ನೂರು ವರ್ಷವಾದರೂ ಇತ್ಯರ್ಥವಾಗಿಲ್ಲ.

ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು, ಕಾಲೇಜಿನಲ್ಲಿ ಪಾಠ ಮಾಡುವವರು, ಮಾಟುಂಗಾ ಡೊಂಬಿವಲಿ ಕಡೆ ಕನ್ನಡದಲ್ಲಿ ವಿಜ್ಞಾನದ ಮಾತುಕತೆ ನಡೆಸಬೇಕೆಂದಿರುವವರು, ಇವರೆಲ್ಲ ಯಾವುದಾದರೂ ಒಂದು ಚಿತ್ರವನ್ನು ಹಿಡಿದೇ ಶುರು ಮಾಡಬೇಕಾಗುತ್ತದೆ. ಯಾವ ಚಿತ್ರ ಹಿಡಿದರೆ ಏನು ಸಿಗುತ್ತದೆ, ಏನು ತೆರಬೇಕಾಗುತ್ತದೆ, ಪ್ರಯೋಗದಲ್ಲಿ ಸಿಕ್ಕಿಬೀಳುವಂಥದು ಯಾವುದು ಎಂದು ಇಲ್ಲಿ ನೋಡೋಣ.

ಮೊದಲು ಎಣಿಕೆ ಸರಿಮಾಡಿಕೊಳ್ಳಿ

ಬಹಳ ಜನ ನೇರವಾಗಿ ಶ್ರೋಡಿಂಗರ್ ಒಗಟಿನ ಬೆಕ್ಕು ಸತ್ತಿತೋ ಬದುಕಿತೋ ಎಂಬಲ್ಲಿಗೆ ಹಾರುತ್ತಾರೆ. ಅದಕ್ಕೂ ಮುಂಚೆ ಬಿಡಿಸಬೇಕಾದ ಗಂಟು ಬೇರೆ ಇದೆ: ಎರಡು ಎಲೆಕ್ಟ್ರಾನ್ ಎಂದಾಗ ನಿಜಕ್ಕೂ "ಇದು, ಅದು" ಎಂದು ಎರಡು ಬಿಡಿ ವಸ್ತುಗಳಿವೆಯೇ?

ಎರಡು ಕಣ, ಎರಡು ಪೆಟ್ಟಿಗೆ ತೆಗೆದುಕೊಳ್ಳಿ. ಗೋಲಿಗಳಾದರೆ ಇಡುವ ಬಗೆ 4: ಎರಡೂ ಎಡಕ್ಕೆ, ಎರಡೂ ಬಲಕ್ಕೆ, ಒಂದೊಂದರಲ್ಲಿ ಒಂದೊಂದು, ಮತ್ತೆ ಅದೇ ಅದಲುಬದಲಾಗಿ. ಫೋಟಾನ್‌ಗಳಾದರೆ, ಅಂದರೆ ಬೆಳಕಿನ ಕಣಗಳಾದರೆ, 3 ಮಾತ್ರ, ಏಕೆಂದರೆ ಅದಲುಬದಲು ಎಂಬ ಬೇರೆ ಸ್ಥಿತಿಯೇ ಇಲ್ಲ. ಒಂದೇ ಸ್ಪಿನ್ (ಕಣದ ಹುಟ್ಟುಗುಣವಾದ ಒಂದು ಬಗೆಯ ತಿರುಗು) ಇರುವ ಎಲೆಕ್ಟ್ರಾನ್‌ಗಳಾದರೆ 1 ಮಾತ್ರ. ಎಲ್ಲ ಬಗೆಗೂ ಸಮ ಅವಕಾಶವಿದೆ ಎಂದರೆ ಎರಡೂ ಒಂದೇ ಪೆಟ್ಟಿಗೆಯಲ್ಲಿ ಸಿಗುವ ಸಂಭವ ಗೋಲಿಗೆ 1/2, ಫೋಟಾನ್‌ಗೆ 2/3, ಎಲೆಕ್ಟ್ರಾನ್‌ಗೆ ಸೊನ್ನೆ. 1924ರಲ್ಲಿ ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸ್, ಬಿಸಿ ವಸ್ತು ಸೂಸುವ ಬೆಳಕಿನ ಪ್ಲಾಂಕ್ ಸೂತ್ರವನ್ನು ಹೊಸದಾಗಿ ಸಾಧಿಸಿದ್ದು ಈ ಎಣಿಕೆಯಿಂದಲೇ. ಬ್ಯಾಂಕ್ ಖಾತೆಗೆ ಎರಡು ಸಲ ನೂರು ನೂರು ಜಮಾ ಆಗಿ, ನೀವು ನೂರು ತೆಗೆದರೆ, ತೆಗೆದದ್ದು ಮೊದಲನೇ ನೂರೋ ಎರಡನೆಯದೋ ಎಂದು ಮ್ಯಾನೇಜರನ್ನು ಕೇಳಿದರೆ ಅವನು ನಿಮ್ಮ ಮುಖ ನೋಡುತ್ತಾನೆ. ಮೊತ್ತ ಇದೆ, ಬಿಡಿ ಗುರುತಿಲ್ಲ. ಕ್ವಾಂಟಮ್ ಎಣಿಕೆ ಈ ಜಾತಿಯದು.

ಇದು ಬರೀ ತರ್ಕದ ಮಾತಲ್ಲ. ಹೀಲಿಯಂ-4 ಸುಮಾರು 2.17 ಕೆಲ್ವಿನ್‌ನಲ್ಲಿ ಅತಿದ್ರವ, ಅಂದರೆ ತಡೆಯಿಲ್ಲದೆ ಹರಿಯುವ ದ್ರವ, ಆಗುತ್ತದೆ. ಹೀಲಿಯಂ-3ಕ್ಕೆ ಒಂದು ನ್ಯೂಟ್ರಾನ್ ಕಡಿಮೆ, ರಸಾಯನಶಾಸ್ತ್ರವೆಲ್ಲ ಅದೇ. ಆದರೂ ಅದು 0.0025 ಕೆಲ್ವಿನ್ ಆಸುಪಾಸಿಗೆ ಇಳಿಯಬೇಕು. ಸುಮಾರು ಸಾವಿರ ಪಟ್ಟು ವ್ಯತ್ಯಾಸ. ಮುಖ್ಯ ಕಾರಣ ಎಣಿಕೆ: ಒಂದು ಬೋಸಾನ್ (ಫೋಟಾನ್ ಹಾಗೆ ಎಣಿಸುವಂಥದು), ಇನ್ನೊಂದು ಫರ್ಮಿಯಾನ್ (ಎಲೆಕ್ಟ್ರಾನ್ ಹಾಗೆ ಎಣಿಸುವಂಥದು).

ಇದನ್ನು ಮೇಜಿನ ಮೇಲೆ ತೋರಿಸುವ ಪ್ರಯೋಗ 1987ರ ಹಾಂಗ್-ಊ-ಮ್ಯಾಂಡೆಲ್ ಪ್ರಯೋಗ. 405 ನ್ಯಾನೋಮೀಟರ್ ಲೇಸರನ್ನು ಬಿಬಿಒ ಹರಳಿಗೆ ಬಿಟ್ಟರೆ ಅಪರೂಪಕ್ಕೊಮ್ಮೆ 810 ನ್ಯಾನೋಮೀಟರಿನ ಜೋಡಿ ಫೋಟಾನ್ ಹುಟ್ಟುತ್ತದೆ. ಅವನ್ನು ಬೆಳಕನ್ನು ಸಮಪಾಲು ಮಾಡುವ 50:50 ಬೀಮ್ ಸ್ಪ್ಲಿಟರ್‌ಗೆ ಎರಡು ಬದಿಯಿಂದ ಬಿಟ್ಟು, ಎರಡೂ ಡಿಟೆಕ್ಟರ್ ಒಟ್ಟಿಗೆ ಕ್ಲಿಕ್ ಆಗುವುದನ್ನು ಎಣಿಸುತ್ತಾರೆ. ಎರಡು ದಾರಿಯ ಉದ್ದ ಸರಿಸಮವಾದಾಗ ಜೋಡಿ ಕ್ಲಿಕ್ ಸೊನ್ನೆಯ ಹತ್ತಿರಕ್ಕೆ ಕುಸಿಯುತ್ತದೆ. ಎರಡೂ ಯಾವಾಗಲೂ ಒಂದೇ ಬದಿಯಿಂದ ಹೊರಬರುತ್ತವೆ. ನಕ್ಷೆಯಲ್ಲಿ ಈ ಕುಸಿತ ಒಂದು ಕುಳಿಯಂತೆ ಕಾಣುತ್ತದೆ, ಅದರ ಅಗಲವನ್ನು ಫಿಲ್ಟರ್ ನಿರ್ಧರಿಸುತ್ತದೆ. 10 ನ್ಯಾನೋಮೀಟರ್ ಫಿಲ್ಟರ್ ಹಾಕಿದರೆ ಅಗಲ ಸುಮಾರು 65 ಮೈಕ್ರೋಮೀಟರ್ ಮಟ್ಟದ್ದು, ಆದ್ದರಿಂದ ದಾರಿಯ ಉದ್ದ ಬದಲಿಸುವ ಸ್ಟೇಜನ್ನು 5 ಮೈಕ್ರೋಮೀಟರ್‌ನಂತೆ ಸರಿಸಬೇಕು. 100 ಮೈಕ್ರೋಮೀಟರ್ ಹೆಜ್ಜೆ ಇಟ್ಟವರು ಕುಳಿಯನ್ನು ದಾಟಿಕೊಂಡು ಹೋಗಿ "ಏನೂ ಬರಲಿಲ್ಲ" ಎನ್ನುತ್ತಾರೆ. ಕುಳಿ ಸಿಕ್ಕೂ ಆಳ 50 ಶೇಕಡಾ ದಾಟದಿದ್ದರೆ ಕ್ವಾಂಟಮ್ ಎನ್ನುವ ಹಾಗಿಲ್ಲ, ಸಾಧಾರಣ ಬೆಳಕಿನ ಅಲೆಯೂ ಅಷ್ಟು ಕೊಡಬಲ್ಲದು. ಹೆಚ್ಚಾಗಿ ತಪ್ಪಿರುವುದು ಧ್ರುವೀಕರಣ, ಅಂದರೆ ಬೆಳಕಿನ ಅಲೆ ಆಡುವ ದಿಕ್ಕು: ಒಂದು ಫೈಬರ್ ತಿರುಚಿಕೊಂಡು ಎರಡು ಫೋಟಾನ್‌ಗಳ ಧ್ರುವೀಕರಣ ಬೇರೆಯಾಗಿಬಿಟ್ಟಿರುತ್ತದೆ. ಬೇರೆಯೆಂದು ಗುರುತಿಸಲು ಸಾಧ್ಯವಾದೊಡನೆ ಕುಳಿಯೂ ಮಾಯ.

ಮುಂದಿನ ಯಾವ ದಾರಿ ಹಿಡಿದರೂ ಈ ಎಣಿಕೆಗೆ ಅದು ಉತ್ತರ ಕೊಡಬೇಕು. ಎರಡನೇ ಕಟ್ಟುಪಾಡು ಜಾನ್ ಬೆಲ್ 1964ರಲ್ಲಿ ಹಾಕಿದ್ದು. ಕಣಗಳು ಉತ್ತರಗಳನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದರೆ, ದೂರದ ಅಳತೆ ಇಲ್ಲಿನದನ್ನು ಮುಟ್ಟದಿದ್ದರೆ, ನಾಲ್ಕು ಹೊಂದಾಣಿಕೆಗಳ (ಎರಡು ಕಡೆಯ ಉತ್ತರಗಳು ಎಷ್ಟು ಕೂಡಿಬರುತ್ತವೆ ಎಂಬ ಅಳತೆಗಳ) ಒಂದು ಮೊತ್ತ 2 ಮೀರಬಾರದು. ಕ್ವಾಂಟಮ್ ಲೆಕ್ಕ 2√2, ಅಂದರೆ 2.83ರವರೆಗೆ ಹೋಗುತ್ತದೆ. 2015ರಲ್ಲಿ ಡೆಲ್ಫ್ಟ್‌ನಲ್ಲಿ 1.3 ಕಿಲೋಮೀಟರ್ ದೂರದ ಎರಡು ಎಲೆಕ್ಟ್ರಾನ್ ಸ್ಪಿನ್‌ಗಳ ಮೇಲೆ ಅಳೆದಾಗ 2.42 ಬಂತು, ದೋಷ 0.20. ಆಸ್ಪೆ, ಕ್ಲಾಸರ್, ಸೈಲಿಂಗರ್ ಅವರಿಗೆ 2022ರ ನೊಬೆಲ್ ಬಂದದ್ದೂ ಈ ಸಾಲಿನ ಕೆಲಸಕ್ಕೇ. "ಗುಣಗಳೆಲ್ಲ ಮೊದಲೇ ಇದ್ದವು, ನಮಗೆ ಗೊತ್ತಿರಲಿಲ್ಲ ಅಷ್ಟೇ, ದೂರದ ಪ್ರಭಾವವೂ ಇಲ್ಲ" ಎನ್ನುವ ಆರಾಮದ ಚಿತ್ರ ಹೀಗೆ ಅಂಗಡಿಯಿಂದಲೇ ಹೊರಗೆ.

ಬೋಮ್ ದಾರಿ: ಕಣವೂ ಉಂಟು, ಅಲೆಯೂ ಉಂಟು

ಡಿ ಬ್ರಾಯ್ 1927ರಲ್ಲಿ ಮುಂದಿಟ್ಟು ಕೈಬಿಟ್ಟದ್ದನ್ನು ಡೇವಿಡ್ ಬೋಮ್ 1952ರಲ್ಲಿ ಕಟ್ಟಿ ನಿಲ್ಲಿಸಿದರು. ಪ್ರತಿ ಕಣಕ್ಕೂ ಸದಾಕಾಲ ಒಂದು ಜಾಗವಿದೆ. ತರಂಗ ಫಲನ, ಅಂದರೆ ಕಣ ಎಲ್ಲಿ ಸಿಗುವ ಸಂಭವ ಎಷ್ಟೆಂದು ಲೆಕ್ಕಹಾಕಲು ಬಳಸುವ ಗಣಿತದ ಅಲೆ, ಅದನ್ನು ನಡೆಸುತ್ತದೆ: ಫಲನದ ಇಳಿಜಾರನ್ನು ಫಲನದಿಂದಲೇ ಭಾಗಿಸಿ, ಕಾಲ್ಪನಿಕ ಭಾಗ ತೆಗೆದು, ħ/mನಿಂದ (ħ ಎಂದರೆ 2πಯಿಂದ ಭಾಗಿಸಿದ ಪ್ಲಾಂಕ್ ಸ್ಥಿರಾಂಕ, m ದ್ರವ್ಯರಾಶಿ) ಗುಣಿಸಿದರೆ ವೇಗ. ಆರಂಭದ ಜಾಗಗಳು ಫಲನದ ವರ್ಗಕ್ಕೆ ತಕ್ಕಂತೆ ಹರಡಿದ್ದರೆ ಮುಂದೆಲ್ಲ ಪಠ್ಯಪುಸ್ತಕದ ಉತ್ತರವೇ ಬರುತ್ತದೆ.

ಪ್ರೋಗ್ರಾಂ ಬರೆಯಬಲ್ಲವರು ಇಲ್ಲಿಂದಲೇ ಶುರು ಮಾಡಲಿ ಎಂಬುದು ನಮ್ಮ ಅಭಿಪ್ರಾಯ. ನಂಬಬೇಕೆಂದಲ್ಲ, "ವಸ್ತು" ಎಂದರೆ ಏನೇನು ಬೇಕಾಗುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಎರಡು ಸೀಳಿನ ಪ್ರಯೋಗಕ್ಕೆ ħ=m=1 ಇಟ್ಟು, ಹರವು 0.3 ಇರುವ ಎರಡು ಗಾಸಿಯನ್‌ಗಳನ್ನು (ಗಂಟೆಯಾಕಾರದ ಅಲೆಗಳನ್ನು) 6 ದೂರದಲ್ಲಿ ಕೂಡಿಸಿ, ಕಾಲ 5ರವರೆಗೆ ಓಡಿಸಿ. ಗಾಸಿಯನ್ ಹರಡುವುದಕ್ಕೆ ಸಿದ್ಧ ಸೂತ್ರವಿರುವುದರಿಂದ ಪೈಥಾನ್‌ನಲ್ಲಿ ನೂರು ಸಾಲೂ ಬೇಡ. ಕೊನೆಯಲ್ಲಿ ಸುಮಾರು 5 ಅಂತರಕ್ಕೊಂದರಂತೆ ಪಟ್ಟೆ ಮೂಡಬೇಕು. ಎಡವುವ ಜಾಗ ಎರಡು. ಆರಂಭದ ಬಿಂದುಗಳನ್ನು ಸಮಾನ ಅಂತರದಲ್ಲಿ ಇಟ್ಟರೆ ದಾರಿಗಳು ಸರಿಯಿದ್ದರೂ ಪಟ್ಟೆಯ ತೀವ್ರತೆ ತಪ್ಪಾಗುತ್ತದೆ. ಫಲನ ಸೊನ್ನೆಗೆ ಹತ್ತಿರವಾಗುವಲ್ಲಿ ವೇಗ ವಿಪರೀತ ಏರುತ್ತದೆ, ಕಾಲದ ಹೆಜ್ಜೆ ದೊಡ್ಡದಿದ್ದರೆ ದಾರಿಗಳು ಒಂದನ್ನೊಂದು ದಾಟಿದಂತೆ ಕಾಣುತ್ತವೆ. ಈ ಸಿದ್ಧಾಂತದಲ್ಲಿ ದಾಟುವುದು ಸಾಧ್ಯವೇ ಇಲ್ಲ. ಮೇಲಿನ ಸೀಳಿನಿಂದ ಬಂದ ಯಾವ ದಾರಿಯೂ ನಡುಗೆರೆಯ ಕೆಳಗಿಳಿಯದು. ಒಂದೇ ಒಂದು ದಾಟಿದರೂ ತಪ್ಪು ನಿಮ್ಮ ಪ್ರೋಗ್ರಾಂನದು.

ಬೆಲೆಯ ವಿಚಾರ. ಹೈಡ್ರೋಜನ್ನಿನ ಕೆಳ ಮಟ್ಟದಲ್ಲಿ ಫಲನದ ಕಾಲ್ಪನಿಕ ಇಳಿಜಾರು ಸೊನ್ನೆ, ಹಾಗಾಗಿ ಎಲೆಕ್ಟ್ರಾನ್ ಅಲ್ಲಾಡದೆ ನಿಂತಿರುತ್ತದೆ. ಮೊದಲ ಸಲ ಕೇಳಿದವರಿಗೆ ಇದು ಗಂಟಲಲ್ಲಿ ಇಳಿಯುವುದಿಲ್ಲ. ಸ್ಪಿನ್ ಕಣದ ಗುಣವಲ್ಲ, ಅಲೆಯದು. ದೂರದ ಕಣದ ಜಾಗ ಇಲ್ಲಿನ ವೇಗವನ್ನು ತಕ್ಷಣ ಬದಲಿಸುತ್ತದೆ. ಇದನ್ನು ಸಾಪೇಕ್ಷತೆಯ ಜೊತೆ ಹೊಂದಿಸಲು ಕಣ್ಣಿಗೆ ಕಾಣದ ಒಂದು "ನಿಜವಾದ ಏಕಕಾಲ" ಬೇಕಾಗುತ್ತದೆ. 1992ರಲ್ಲಿ ಎಂಗ್ಲರ್ಟ್, ಸ್ಕಲ್ಲಿ ಮತ್ತು ಸಂಗಡಿಗರು ಈ ದಾರಿಗಳನ್ನು "ಸರ್ರಿಯಲ್" ಎಂದು ಕರೆದರು: ಡಿಟೆಕ್ಟರ್ ಒಂದು ಸೀಳು ಎನ್ನುತ್ತಿರುವಾಗ ಬೋಮ್ ದಾರಿ ಇನ್ನೊಂದರಲ್ಲಿ ಹೋಗಿರಬಹುದು. ಎಣಿಕೆಯಲ್ಲಿ ಮಾತ್ರ ಸ್ವಾರಸ್ಯವಿದೆ. ಇಲ್ಲಿ ಪ್ರತಿ ಕಣಕ್ಕೂ ತನ್ನದೇ ದಾರಿ ಉಂಟು, ಆದ್ದರಿಂದ ತನ್ನದೇ ಗುರುತೂ ಉಂಟು. ಬೋಸ್ ಎಣಿಕೆ ಬರುವುದು ಅಲೆಯ ಸಮಮಿತಿಯಿಂದ. "ಕ್ವಾಂಟಮ್ ಎಣಿಕೆ ಇದ್ದ ಮೇಲೆ ಬಿಡಿ ವಸ್ತು ಇರಲಾರದು" ಎಂಬ ವಾದ ಅಷ್ಟು ಗಟ್ಟಿಯಲ್ಲ ಎಂದು ಇದರಿಂದಲೇ ಗೊತ್ತಾಗುತ್ತದೆ.

ಮುಂಬೈನವರಿಗೆ ಇದು ದೂರದ ಸರಕೂ ಅಲ್ಲ. ಬೋಮ್ ಜಾಗಕ್ಕೆ ಕೊಟ್ಟ ಪಟ್ಟ ಸಂವೇಗಕ್ಕೆ ಇಲ್ಲವಲ್ಲ ಎಂಬ ತಕರಾರನ್ನು ಹಿಡಿದು, ಎರಡಕ್ಕೂ ಸರಿಯಾದ ಹಂಚಿಕೆ ಕೊಡುವ ಮಾದರಿಯೊಂದನ್ನು ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಎಸ್. ಎಂ. ರಾಯ್ ಮತ್ತು ವೀರೇಂದ್ರ ಸಿಂಗ್ 1995ರಲ್ಲಿ ಪ್ರಕಟಿಸಿದರು.

ಕುಸಿತದ ದಾರಿ: ಪ್ರಯೋಗಕ್ಕೆ ತಲೆಕೊಟ್ಟದ್ದು

ಗಿರಾರ್ದಿ, ರಿಮಿನಿ, ವೆಬರ್ 1986ರಲ್ಲಿ ಸಮೀಕರಣವನ್ನೇ ತಿದ್ದಿದರು. ಪ್ರತಿ ಕಣವೂ ತಾನಾಗಿಯೇ, ಯಾರೂ ನೋಡದಿದ್ದರೂ, ಸೆಕೆಂಡಿಗೆ 10⁻¹⁶ರ ಸಂಭವದಲ್ಲಿ, 10⁻⁷ ಮೀಟರ್ ಅಗಲಕ್ಕೆ ಕುಗ್ಗುತ್ತದೆ. ಒಂಟಿ ಕಣ ಇದಕ್ಕೆ ಸರಾಸರಿ 32 ಕೋಟಿ ವರ್ಷ ಕಾಯಬೇಕು, ಹಾಗಾಗಿ ಅದರ ಅಲೆಯಾಟಕ್ಕೆ ಭಂಗವಿಲ್ಲ. ಆದರೆ ಅಳತೆಯ ಉಪಕರಣದ 10²³ ಕಣಗಳ ಒಂದು ಮುಳ್ಳಿನಲ್ಲಿ ಸೆಕೆಂಡಿಗೆ ಒಂದು ಕೋಟಿ ಸಲ ಯಾವುದೋ ಒಂದು ಕುಗ್ಗುತ್ತದೆ, ಮಿಕ್ಕವನ್ನೂ ಜೊತೆಗೆ ಎಳೆಯುತ್ತದೆ. ಮುಳ್ಳು ಎರಡು ಕಡೆ ತೋರಿಸುತ್ತ ನಿಲ್ಲದೆ ಇರುವುದು ಅದಕ್ಕೆ.

ಹಾಗಾದರೆ ವಸ್ತು ಏನು? ಇಲ್ಲಿ ಮತ್ತೆ ಕವಲು. ಜಾಗದ ತುಂಬ ಹರಡಿದ ದ್ರವ್ಯದ ಸಾಂದ್ರತೆಯೇ ವಸ್ತು ಎನ್ನಬಹುದು. ಅಥವಾ ಕುಸಿತ ನಡೆದ ಬಿಂದುಗಳು ಮಾತ್ರ ಇವೆ, ಅವೇ "ಮಿಂಚು"ಗಳು ಎನ್ನಬಹುದು. ಎರಡನೆಯದನ್ನು ಒಪ್ಪಿದರೆ ಮಿಂಚು ಮಿಂಚಿನ ನಡುವಿನ ಆ 32 ಕೋಟಿ ವರ್ಷ ನಿಮ್ಮ ಒಂಟಿ ಎಲೆಕ್ಟ್ರಾನ್ ಜಾಗದಲ್ಲಿ ಎಲ್ಲಿಯೂ ಇಲ್ಲ. ಮೇಜು ಎಂದರೆ ಮಿಂಚುಗಳ ಒಂದು ದಟ್ಟಣೆ. ವಿಚಿತ್ರ ಹೌದು, ಸಾಪೇಕ್ಷತೆಯ ಜೊತೆ ಹೊಂದಿಸಲು ಮಿಂಚಿನ ಚಿತ್ರವೇ ಅನುಕೂಲ ಎಂಬುದೂ ನಿಜ.

ಮಿಕ್ಕ ದಾರಿಗಳಲ್ಲಿ ಇಲ್ಲದ ಒಂದು ಗುಣ ಇದಕ್ಕಿದೆ: ಸೋಲಬಹುದು. ಸಮೀಕರಣ ಬದಲಾದ್ದರಿಂದ ಲೆಕ್ಕವೂ ಸ್ವಲ್ಪ ಬದಲಾಗುತ್ತದೆ. ವಿಯೆನ್ನಾದಲ್ಲಿ 1999ರಲ್ಲಿ 60 ಇಂಗಾಲದ ಪರಮಾಣುಗಳಿಂದಾದ ಅಣುಗಳು ವ್ಯತಿಕರಣದ ಪಟ್ಟೆ ಮೂಡಿಸಿದವು. 2019ರ ಹೊತ್ತಿಗೆ 25,000 ಪರಮಾಣು ಮಾನ ಮೀರಿದ ಅಣುಗಳಲ್ಲೂ ಪಟ್ಟೆ ಕಂಡಿತು. ಅಣು ದೊಡ್ಡದಾದಂತೆ ಪಟ್ಟೆ ಕಾರಣವಿಲ್ಲದೆ ಮಸುಕಾದರೆ ಕುಸಿತಕ್ಕೆ ಸಾಕ್ಷಿ. ಮಸುಕಿಗೆ ಕಾರಣಗಳು ಬೇಕಾದಷ್ಟಿರುವುದೇ ತೊಂದರೆ: ಉಳಿದ ಗಾಳಿ, ಬಿಸಿ ಅಣು ತಾನೇ ಸೂಸುವ ಬೆಳಕು, ನೆಲದ ಕಂಪನ. ಇನ್ನೊಂದು ದಾರಿ, ಕುಸಿತದ ತಳ್ಳಾಟಕ್ಕೆ ವಿದ್ಯುದಾವೇಶದ ಕಣಗಳು ಸೂಸಬೇಕಾದ ಎಕ್ಸ್-ಕಿರಣವನ್ನು ಹುಡುಕುವುದು. ಇಟಲಿಯ ಗ್ರಾನ್ ಸಾಸೋ ಬೆಟ್ಟದಡಿಯ ಪ್ರಯೋಗಾಲಯದಲ್ಲಿ ಜರ್ಮೇನಿಯಂ ಡಿಟೆಕ್ಟರ್ ಇಟ್ಟು ಹುಡುಕಿದಾಗ ಸಿಗಲಿಲ್ಲ. ಗುರುತ್ವದಿಂದ ಕುಸಿತ ಎನ್ನುವ ಡಿಯೋಸಿ-ಪೆನ್‌ರೋಸ್ ವಿಚಾರದ ಅತಿ ಸರಳ ರೂಪ 2021ರಲ್ಲಿ ಹಾಗೆ ಬಿದ್ದುಹೋಯಿತು.

ಎಂಎಸ್ಸಿ ಪ್ರಾಜೆಕ್ಟಿಗೆ "ತತ್ತ್ವಜ್ಞಾನ ಬೇಡ, ಸಂಖ್ಯೆ ಬೇಕು" ಎನ್ನುವವರಿಗೆ ನಾವು ಹೇಳುವುದು ಇದನ್ನೇ. ಆಂಜೆಲೊ ಬಾಸಿ, ಟಿಐಎಫ್‌ಆರ್‌ನ ತೇಜಿಂದರ್ ಸಿಂಗ್ ಮತ್ತು ಸಹಲೇಖಕರ 2013ರ ಸಮೀಕ್ಷಾ ಲೇಖನ ಇಂದಿಗೂ ಒಳ್ಳೆಯ ಬಾಗಿಲು. ಮೊದಲ ಕೆಲಸವಾಗಿ ಕುಸಿತದ ಸಂಭವ, ಕುಸಿತದ ಅಗಲ ಎಂಬ ಮೇಲಿನ ಎರಡು ಸಂಖ್ಯೆಗಳನ್ನು ಅಕ್ಷಗಳಾಗಿ ಇಟ್ಟು ಯಾವ ಪ್ರಯೋಗ ಎಷ್ಟು ಭಾಗವನ್ನು ಅಳಿಸಿದೆ ಎಂಬ ನಕ್ಷೆಯನ್ನು ನೀವೇ ಬಿಡಿಸಿ.

ಬಹುಲೋಕ

ಎವರೆಟ್, 1957. ಕಣವಿಲ್ಲ, ಕುಸಿತವಿಲ್ಲ, ತರಂಗ ಫಲನವೊಂದೇ ಇದೆ, ಅದು ಎಂದೂ ತನ್ನ ಸಮೀಕರಣ ಬಿಟ್ಟು ನಡೆಯುವುದಿಲ್ಲ. ಅಳತೆಯಾದಾಗ ಫಲನದ ಕವಲುಗಳು ಸುತ್ತಲಿನ ಗಾಳಿ, ಬೆಳಕಿನ ಜೊತೆ ಹೆಣೆದುಕೊಂಡು ಒಂದಕ್ಕೊಂದು ಮಾತಾಡದಂತಾಗುತ್ತವೆ. ಯೂಟ್ಯೂಬ್ ಪುಣ್ಯದಿಂದ ಹೊಸಬರು ಮೊದಲು ಎಡತಾಕುವುದು ಇದನ್ನೇ, "ನಾನು ಹೂಂ ಅಂದಾಗೆಲ್ಲ ಜಗತ್ತು ಎರಡಾಗುತ್ತದೆ" ಎಂಬ ರೂಪದಲ್ಲಿ. ನೀವು ಮನಸ್ಸು ಮಾಡುವುದಕ್ಕೂ ಕವಲಿಗೂ ಸಂಬಂಧವಿಲ್ಲ. ನಿಜವಾದ ತೊಡಕು ಸಂಭವನೀಯತೆ: ಎಲ್ಲ ಫಲಿತಾಂಶವೂ ಆಗುವುದಾದರೆ "70 ಶೇಕಡಾ ಸಂಭವ" ಎಂದರೆ ಏನು? ಡಾಯ್ಚ್ 1999ರಲ್ಲಿ, ಆಮೇಲೆ ವಾಲೇಸ್, ಬಾಜಿ ಕಟ್ಟುವವನ ವಿವೇಕದಿಂದ ಉತ್ತರ ಕಟ್ಟಿದರು. ನಮಗೆ ಅದು ಪೂರ್ತಿ ನಿಂತಂತೆ ಕಾಣುವುದಿಲ್ಲ.

ಫಲನವನ್ನೇ ವಸ್ತು ಎನ್ನುವವರು ಇನ್ನೊಂದನ್ನೂ ಯೋಚಿಸಬೇಕು. ಅದು ಇರುವುದು ನಮ್ಮ ಮೂರು ಆಯಾಮದಲ್ಲಲ್ಲ. ಹೀಲಿಯಂನ 2 ಎಲೆಕ್ಟ್ರಾನ್‌ಗೆ 6 ಆಯಾಮ, ಲಿಥಿಯಂನ 3ಕ್ಕೆ 9. ಪ್ರತಿ ಆಯಾಮಕ್ಕೆ 100 ಬಿಂದು ಇಟ್ಟರೆ ಹೀಲಿಯಂಗೆ 10¹² ಸಂಕೀರ್ಣ ಸಂಖ್ಯೆ, ಅಂದರೆ 16 ಟೆರಾಬೈಟ್. ಲಿಥಿಯಂಗೆ ಇದರ ಹತ್ತು ಲಕ್ಷ ಪಟ್ಟು. ಈ ಬೃಹತ್ ಆಯಾಮದಲ್ಲಿ ಓಡಾಡುವ ಒಂದು ಆಕೃತಿ ಹೇಗೆ ಮೂರು ಆಯಾಮದ ಕುರ್ಚಿ ಮೇಜಾಗಿ ತೋರುತ್ತದೆ ಎಂದು ಹೇಳುವ ಹೊಣೆ ಅವರ ಮೇಲಿದೆ.

ವಸ್ತುವಿನ ಮಾತೇ ಬೇಡ ಎನ್ನುವವರು

ಬೋರ್ ಕಾಲದಿಂದ ಬಂದ ಪಠ್ಯಪುಸ್ತಕದ ದಾರಿ: ಉಪಕರಣ ಹೀಗಿಟ್ಟರೆ ಫಲಿತಾಂಶ ಹೀಗೆ, ನಡುವೆ ಏನಿತ್ತು ಎಂದು ಕೇಳಬೇಡಿ. ಫುಕ್ಸ್, ಶಾಕ್ ಮೊದಲಾದವರ ಕ್ಯೂಬಿಸಂ (QBism) ಇನ್ನೂ ಮುಂದೆ ಹೋಗಿ, ಫಲನವೆಂದರೆ ಅದನ್ನು ಬಳಸುವವರ ನಿರೀಕ್ಷೆಯ ಪಟ್ಟಿ ಎನ್ನುತ್ತದೆ. ಪವಯಿಯ ಐಐಟಿಯಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿನ ಸೆನ್ಸಿಂಗ್ ಹಬ್ ಇದೆ. ಅಂಥ ಕಡೆ ಕೆಲಸಕ್ಕೆ ಸೇರುವವರಿಗೆ ದಿನದ ಕೆಲಸಕ್ಕೆ ಇಷ್ಟು ಸಾಕು. ಬೆಲೆ: ಉಪಕರಣವೂ ಪರಮಾಣುಗಳದ್ದೇ ಅಲ್ಲವೇ, ಗೆರೆ ಎಲ್ಲಿ ಎಳೆಯುತ್ತೀರಿ ಎಂಬುದಕ್ಕೆ ಉತ್ತರವಿಲ್ಲ. 2018ರಲ್ಲಿ ಫ್ರೌಶಿಗರ್ ಮತ್ತು ರೆನ್ನರ್ ತೋರಿಸಿದಂತೆ, ಒಬ್ಬರನ್ನೊಬ್ಬರು ಅಳೆಯುವ ವೀಕ್ಷಕರೆಲ್ಲರೂ ಇದೇ ನಿಯಮ ಹಿಡಿದು, ಒಬ್ಬರ ತೀರ್ಮಾನವನ್ನು ಇನ್ನೊಬ್ಬರು ನಂಬಿದರೆ, ವಿರೋಧಾಭಾಸಕ್ಕೆ ಬಂದು ಮುಟ್ಟುತ್ತಾರೆ.

ನಮ್ಮ ಕಡೆಯ ಸಭೆಗಳಲ್ಲಿ ಈ ಹಂತಕ್ಕೆ ಬಂದಾಗ ಯಾರಾದರೂ ಎದ್ದು "ಇದನ್ನೇ ಶಂಕರರು ಹೇಳಿದ್ದು" ಎನ್ನುವುದುಂಟು. ಶ್ರೋಡಿಂಗರ್ ಉಪನಿಷತ್ತು ಓದಿಕೊಂಡವರು, ಅದು ದಿಟ. ಆದರೆ ಸಮೀಕರಣದಲ್ಲಿ ನೋಡುವವನ ಮನಸ್ಸಿಗೆ ಚಿಹ್ನೆಯೇ ಇಲ್ಲ. ರಾತ್ರಿ ಬೀಗ ಹಾಕಿದ ಲ್ಯಾಬಿನಲ್ಲಿ, ಕಣ ಯಾವ ಸೀಳಿನಲ್ಲಿ ಹೋಯಿತೆಂದು ಡಿಟೆಕ್ಟರ್ ಕ್ಲಿಕ್ ಆಗಿ ಫೈಲಿಗೆ ಬರೆದಿಟ್ಟರೂ ಪಟ್ಟೆ ಅಷ್ಟೇ ಅಳಿಸಿರುತ್ತದೆ.

ಸಂಬಂಧವೇ ಮೊದಲು

ರೊವೆಲ್ಲಿ 1996ರಲ್ಲಿ ಕೊಟ್ಟ ಚಿತ್ರದಲ್ಲಿ ಗುಣಗಳಿರುವುದು ಒಂದು ವ್ಯವಸ್ಥೆ ಇನ್ನೊಂದನ್ನು ಮುಟ್ಟಿದಾಗ, ಆ ಇನ್ನೊಂದಕ್ಕೆ ಸಂಬಂಧಿಸಿ ಮಾತ್ರ. ರಚನಾ ವಾಸ್ತವವಾದಿಗಳು ಇನ್ನಷ್ಟು ಗಟ್ಟಿಯಾಗಿ, ಸಂಬಂಧಗಳ ಜಾಲವೇ ಮೂಲ, "ಕಣ" ಆ ಜಾಲದ ಗಂಟಿನ ಹೆಸರು ಎನ್ನುತ್ತಾರೆ. ಎಣಿಕೆಯ ಒಗಟಿಗೆ ಅತ್ಯಂತ ಸಲೀಸಾದ ಉತ್ತರ ಇಲ್ಲಿದೆ: ಬಿಡಿ ಗುರುತೇ ಇಲ್ಲದ ಮೇಲೆ ಅದಲುಬದಲಿನ ಪ್ರಶ್ನೆ ಎಲ್ಲಿ?

ಕ್ಷೇತ್ರ ಸಿದ್ಧಾಂತ ಓದಲು ಹೊರಟವರು ಇದನ್ನು ಹಿಡಿಯುವುದು ಮೇಲು. ಅಲ್ಲಿ ಕಣಗಳ ಸಂಖ್ಯೆಯೇ ನಿಗದಿಯಲ್ಲ. ಉನ್ರೂ 1976ರಲ್ಲಿ ತೋರಿಸಿದ್ದು: ನಿಂತವನಿಗೆ ಖಾಲಿಯಾದ ಜಾಗ ವೇಗೋತ್ಕರ್ಷದಲ್ಲಿರುವವನಿಗೆ ಬಿಸಿ ಕಣಗಳಿಂದ ತುಂಬಿದ್ದು. ಒಂದು ಕೆಲ್ವಿನ್ ಬಿಸಿಗೆ ಸುಮಾರು 2.5×10²⁰ ಮೀಟರ್ ಪ್ರತಿ ಸೆಕೆಂಡ್ ವರ್ಗ ಬೇಕು, ಹಾಗಾಗಿ ಲ್ಯಾಬಿನಲ್ಲಿ ನೇರ ತೋರಿಸುವುದು ಬಲು ಕಷ್ಟ. ಮಾಲಮೆಂಟ್ 1996ರಲ್ಲಿ, ಸಾಪೇಕ್ಷತೆಗೆ ಒಪ್ಪುವಂತೆ ಒಂದೆಡೆ ಕಟ್ಟುನಿಟ್ಟಾಗಿ ಕೂತ ಕಣವನ್ನು ವರ್ಣಿಸಲು ಆಗದೆಂದು ಪ್ರಮೇಯ ಕೊಟ್ಟರು. ಬೆಲೆ: ಸಂಬಂಧಿಸುವ ಎರಡು ಇಲ್ಲದೆ ಸಂಬಂಧ ಎಲ್ಲಿಂದ ಎಂದು ಕೇಳುವವರ ಬಾಯಿ ಮುಚ್ಚಿಸುವುದು ಸುಲಭವಲ್ಲ.

ಕೈಯಾರೆ ಮಾಡುವುದಾದರೆ

650 ನ್ಯಾನೋಮೀಟರಿನ ಕೆಂಪು ಲೇಸರ್ ಪಾಯಿಂಟರ್ ಮುಂದೆ ತಲೆಗೂದಲು ಹಿಡಿದು 2 ಮೀಟರ್ ದೂರದ ಗೋಡೆಗೆ ಬಿಡಿ. ಕೂದಲು 70 ಮೈಕ್ರೋಮೀಟರ್ ಇದ್ದರೆ ಕಪ್ಪು ಪಟ್ಟೆಗಳು ಸುಮಾರು 19 ಮಿಲಿಮೀಟರಿಗೊಂದು. ಚೆಂದ ಕಾಣುತ್ತದೆ, ಆದರೆ ಇದು 19ನೇ ಶತಮಾನದ ಬೆಳಕು. ಫೋಟಾನ್ ಇದೆಯೆಂದು ಕೂಡ ಹೇಳದು. ಸಭೆಯಲ್ಲಿ ಇದನ್ನು ತೋರಿಸಿ "ನೋಡಿ, ಕ್ವಾಂಟಮ್" ಎನ್ನಬೇಡಿ.

ಬೆಲ್ ಪ್ರಯೋಗವನ್ನು ಅಂತರ್ಜಾಲದಲ್ಲಿ ಬಳಕೆಗೆ ಸಿಗುವ ಕ್ವಾಂಟಮ್ ಕಂಪ್ಯೂಟರಿನಲ್ಲಿ ಮಾಡಬಹುದು. ಮೊದಲ ಕ್ಯೂಬಿಟ್‌ಗೆ (ಕ್ವಾಂಟಮ್ ಕಂಪ್ಯೂಟರಿನ ಬಿಟ್) ಹಡಮಾರ್ಡ್ ಎಂಬ ಕ್ರಿಯೆ, ಆಮೇಲೆ ಎರಡಕ್ಕೂ ಸೇರಿ ಸಿ-ನಾಟ್ ಎಂಬ ಕ್ರಿಯೆ, ಜೋಡಿ ಸಿದ್ಧ. ಮೊದಲನೆಯದನ್ನು 0 ಮತ್ತು 90 ಡಿಗ್ರಿಯಲ್ಲಿ, ಎರಡನೆಯದನ್ನು 45 ಮತ್ತು −45 ಡಿಗ್ರಿಯಲ್ಲಿ ಅಳೆಯಿರಿ. ಅಳೆಯುವ ಕೋನದಷ್ಟೇ ಹಿಮ್ಮುಖವಾಗಿ ವೈ ಅಕ್ಷದ ಸುತ್ತ ತಿರುಗಿಸಿ ಓದಿದರೆ ಆಯಿತು. ನಾಲ್ಕು ಜೋಡಣೆ, ಮೂರನ್ನು ಕೂಡಿ 90 ಮತ್ತು −45ರದನ್ನು ಕಳೆಯಿರಿ. ಜೋಡಣೆಗೆ 100 ಸಲ ಓಡಿಸಿದರೆ ಮೊತ್ತದಲ್ಲಿ ದೋಷ ಸುಮಾರು 0.14, 1000 ಸಲಕ್ಕೆ 0.045. ನೂರಕ್ಕೇ ನಿಲ್ಲಿಸಿ 2.2 ಬಂತೆಂದು ಹಿಗ್ಗಬೇಡಿ.

ಸಿಮ್ಯುಲೇಟರಿನಲ್ಲಿ 2.83ರ ಬದಲು 2.39 ಬಂದರೆ ಫೋಟಾನ್ ಪುಸ್ತಕದ ಕೋನ, ಅಂದರೆ 0, 45, 22.5, −22.5, ಹಾಗೇ ಹಾಕಿದ್ದೀರಿ. ಕ್ಯೂಬಿಟ್‌ಗೆ ಅದರ ಇಮ್ಮಡಿ ಬೇಕು. 2ನ್ನು ದಾಟಿಯೇ ಇರುವುದರಿಂದ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ನಿಜವಾದ ಯಂತ್ರದಲ್ಲಿ ಹೊಂದಾಣಿಕೆಗಳು ಆದರ್ಶದ 71 ಶೇಕಡಾಕ್ಕಿಂತ ಕೆಳಗಿಳಿದರೆ 2 ದಾಟುವುದೇ ಇಲ್ಲ. ಆಗ ಪಕ್ಕಪಕ್ಕದಲ್ಲಿ ನೇರ ಜೋಡಣೆಯಿರುವ, ಓದಿನ ದೋಷ ಕಡಿಮೆಯಿರುವ ಎರಡು ಕ್ಯೂಬಿಟ್ ಆರಿಸಿಕೊಳ್ಳಿ. ಇನ್ನೊಂದು: ಚಿಪ್ಪಿನಲ್ಲಿ ಅವೆರಡರ ನಡುವೆ ಇರುವುದು ಮಿಲಿಮೀಟರ್ ಲೆಕ್ಕದ ದೂರ. ಬೆಳಕು ಅದನ್ನು ಕೆಲವೇ ಪಿಕೋಸೆಕೆಂಡಿನಲ್ಲಿ ದಾಟುತ್ತದೆ, ಓದಲು ಹಿಡಿಯುವ ಹೊತ್ತು ಅದರ ಎಷ್ಟೋ ಸಾವಿರ ಪಟ್ಟು. ಡೆಲ್ಫ್ಟ್‌ನವರು 1.3 ಕಿಲೋಮೀಟರ್ ದೂರ ಇಟ್ಟು 4.3 ಮೈಕ್ರೋಸೆಕೆಂಡ್ ಸಂಪಾದಿಸಿಕೊಂಡದ್ದು ಈ ಕಾರಣಕ್ಕೆ. ವರದಿಯಲ್ಲಿ ಇದನ್ನು ಬರೆಯದೆ ಬಿಟ್ಟರೆ ವೈವಾದಲ್ಲಿ ಮೊದಲ ಪ್ರಶ್ನೆ ಇದೇ ಬರುತ್ತದೆ. ಎರಡನೆಯದು, ನಿಮ್ಮ 2.6 ಬೋಮ್ ಸರಿ ಎನ್ನುತ್ತದೋ ಎವರೆಟ್ ಸರಿ ಎನ್ನುತ್ತದೋ ಎಂದು. ಎರಡಕ್ಕೂ ಅದು ಒಂದೇ, ಎಂದು ಉತ್ತರ ಕೊಡಿ.